ಮತಗಳ್ಳತನದ ಆರೋಪ, ಕೈತಪ್ಪಿದ 45 ದಿನ: ಕಾಂಗ್ರೆಸ್ ಕೋರ್ಟಿಗೆ ಯಾಕೆ ಹೋಗಲಿಲ್ಲ?

ಹೆಬ್ಬಾಳದಿಂದ ಹೊರ ವರ್ತುಲ ರಸ್ತೆ ಹಿಡಿದು ನಾಗವಾರ, ಕೆ.ಆರ್. ಪುರ ದಾಟಿದರೆ ಮಹದೇವಪುರ. ರಸ್ತೆ ಒಂದೇ, ಲೋಕಸಭಾ ಕ್ಷೇತ್ರ ಬೇರೆ: ಹೆಬ್ಬಾಳ ಬೆಂಗಳೂರು ಉತ್ತರಕ್ಕೆ ಸೇರಿದರೆ ಮಹದೇವಪುರ ಬೆಂಗಳೂರು ಸೆಂಟ್ರಲ್‌ಗೆ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರದ ಮತದಾರರ ಪಟ್ಟಿಯನ್ನು ಮುಂದಿಟ್ಟುಕೊಂಡು ಮತಗಳ್ಳತನದ ಆರೋಪ ಮಾಡಿದಾಗ ಎಲ್ಲ ಕಡೆ ಎದ್ದ ಪ್ರಶ್ನೆ ಒಂದೇ: ಇಷ್ಟೆಲ್ಲ ಆಗಿದ್ರೆ ಕೋರ್ಟಿಗೆ ಯಾಕೆ ಹೋಗಲಿಲ್ಲ?

ಆರೋಪ ಏನು?

2024ರ ಚುನಾವಣೆಯಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ ವಿರುದ್ಧ 32,707 ಮತಗಳಿಂದ ಗೆದ್ದರು. ಮಹದೇವಪುರ ಒಂದರಲ್ಲೇ ಬಿಜೆಪಿಗೆ ಸಿಕ್ಕ ಮುನ್ನಡೆ 1,14,046. ಆ ಕ್ಷೇತ್ರದ ಪಟ್ಟಿಯಲ್ಲಿ 1,00,250 ನಕಲಿ ಹೆಸರುಗಳಿವೆ ಎಂಬುದು ಕಾಂಗ್ರೆಸ್ ವಾದ. ಅದರ ಲೆಕ್ಕದಲ್ಲಿ ಎರಡೆರಡು ಕಡೆ ಇರುವ ಹೆಸರು 11,965, ಸುಳ್ಳು ವಿಳಾಸ 40,009, ಒಂದೇ ವಿಳಾಸದಲ್ಲಿ ಗುಂಪಾಗಿ ಇರುವವರು 10,452, ಸರಿಯಿಲ್ಲದ ಫೋಟೊ 4,132, ಫಾರಂ 6ರ ದುರ್ಬಳಕೆ 33,692.

ಕಾನೂನು ಏನು ಹೇಳುತ್ತೆ?

ಸಂವಿಧಾನದ 329(ಬಿ) ವಿಧಿಯ ಪ್ರಕಾರ ಚುನಾವಣೆಯನ್ನು ಪ್ರಶ್ನಿಸಲು ಇರುವ ದಾರಿ ಒಂದೇ, ಚುನಾವಣಾ ತಕರಾರು ಅರ್ಜಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಡಿ ಅದನ್ನು ಹೈಕೋರ್ಟಿಗೆ 45 ದಿನದೊಳಗೆ ಹಾಕಬೇಕು. ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರನಾದರೂ ಹಾಕಬಹುದು. ಹೆಬ್ಬಾಳದವರಿಗೆ ಇಲ್ಲಿ ಅವಕಾಶ ಇರಲಿಲ್ಲ, ಮಹದೇವಪುರದವರಿಗೆ ಇತ್ತು. ತಡವಾದರೆ ಮನ್ನಾ ಇಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ.

ಫಲಿತಾಂಶ ಬಂದದ್ದು 2024ರ ಜೂನ್ 4ಕ್ಕೆ. ಗಡುವು ಮುಗಿದದ್ದು ಜುಲೈ 19ಕ್ಕೆ. ಪತ್ರಿಕಾಗೋಷ್ಠಿ ನಡೆದದ್ದು ಅದಾಗಿ ವರ್ಷ ಕಳೆದ ಮೇಲೆ. ಆ ಚುನಾವಣೆಯಲ್ಲಿ ಸೋತ ಕಾಂಗ್ರೆಸ್ ಅಭ್ಯರ್ಥಿಗಳಲ್ಲಿ ಒಬ್ಬರೂ ಇಂಥ ಅರ್ಜಿ ಹಾಕಿಲ್ಲ ಎಂದು ಚುನಾವಣಾ ಆಯೋಗ ಹೇಳಿದೆ.

ಅರ್ಜಿ ಹಾಕಿದ್ದರೆ ಏನಾಗುತ್ತಿತ್ತು?

ಅಸಲಿ ವಿಷಯ ಇರೋದು ಇಲ್ಲೇ. ಪಟ್ಟಿಯಲ್ಲಿ ಹೆಸರು ಇದೆ ಅಂದಮಾತ್ರಕ್ಕೆ ಆ ಹೆಸರಲ್ಲಿ ಮತ ಬಿದ್ದಿದೆ ಅಂತಲ್ಲ. ಬೂತ್‌ಗೆ ಬಂದವರು ಯಾರು ಎಂಬುದಕ್ಕೆ ದಾಖಲೆ 17ಎ ರಿಜಿಸ್ಟರ್. ಮತದಾರರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದು ಅದರಲ್ಲೇ. ಮತದಾನದ ಬಳಿಕ ಅದನ್ನು ಸೀಲ್ ಮಾಡಿ ಇಡುತ್ತಾರೆ. ಕೋರ್ಟ್ ಆದೇಶವಿಲ್ಲದೆ ತೆರೆಯುವಂತಿಲ್ಲ. ಅಂದರೆ ಆರೋಪವನ್ನು ಸಾಬೀತು ಮಾಡಬಲ್ಲ ದಾಖಲೆಗೆ ಬೀಗ ಇತ್ತು, ಕೀಲಿ ತಕರಾರು ಅರ್ಜಿಯಲ್ಲಿತ್ತು. ಒಬ್ಬರೇ ಎರಡು ಕಡೆ ಮತ ಹಾಕಿದ್ದರೆ ಆ ಮತಗಳೆಲ್ಲ ಅಸಿಂಧು. ಅವುಗಳಿಂದಲೇ ಫಲಿತಾಂಶ ಬದಲಾಗಿದೆ ಎಂದು ತೋರಿಸಿದರೆ ಚುನಾವಣೆಯೇ ರದ್ದಾಗಬಹುದು.

ಹಾಗಂತ ಗೆಲುವು ಖಚಿತ ಇತ್ತು ಅನ್ನೋಕಾಗಲ್ಲ. ಪಟ್ಟಿಗೆ ಸೇರಿದವರು ನಿಜಕ್ಕೂ ಅಲ್ಲಿನ ನಿವಾಸಿಗಳೇ ಎಂಬುದನ್ನು ತಕರಾರು ಅರ್ಜಿಯಲ್ಲಿ ಕೆದಕುವಂತಿಲ್ಲ ಎಂಬ ಹಳೆಯ ತೀರ್ಪಿದೆ. ಸುಳ್ಳು ವಿಳಾಸದ ದೂರುಗಳಿಗೆ ಅದು ಅಡ್ಡ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಹುಡುಕಬಹುದಾದ ಪಟ್ಟಿ ಕೊಡಲಿಲ್ಲ, ಕಾಗದ ಕೈಯಲ್ಲಿ ಹಿಡಿದು ಪರಿಶೀಲಿಸಲು ತಿಂಗಳುಗಳೇ ಬೇಕಾದವು ಎಂಬ ಕಾಂಗ್ರೆಸ್ ದೂರಿನಲ್ಲೂ ಹುರುಳಿದೆ. 45 ದಿನದಲ್ಲಿ ಲಕ್ಷಾಂತರ ಹೆಸರು ತಾಳೆ ನೋಡುವುದು ಸುಲಭವಲ್ಲ.

ಕೋರ್ಟಿನಲ್ಲಿ ನ್ಯಾಯ ಬೇಗ ಸಿಗುತ್ತೆ ಅಂತಲೂ ಅಲ್ಲ. ಹಾಸನದ ಪ್ರಜ್ವಲ್ ರೇವಣ್ಣ ಅವರ 2019ರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಆದರೆ ಮಾಲೂರು ನೋಡಿ. 2023ರಲ್ಲಿ 248 ಮತಗಳಿಂದ ಸೋತ ಬಿಜೆಪಿಯ ಮಂಜುನಾಥ ಗೌಡ ಅರ್ಜಿ ಹಾಕಿದರು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮರುಎಣಿಕೆಗೆ ಆದೇಶಿಸಿತು. ತಡವಾದರೂ ಬಾಗಿಲು ತೆರೆಯಿತು.

ಸಂಘಟನೆ ಎಲ್ಲಿತ್ತು?

ಮತದಾರರ ಪಟ್ಟಿ ತಯಾರಾಗುವಾಗ ರಾಜ್ಯದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರವೇ. ಆಗ ಯಾಕೆ ಸುಮ್ಮನಿದ್ದೆವು ಎಂಬರ್ಥದಲ್ಲಿ ಮಾತಾಡಿದ ಸಚಿವ ಕೆ.ಎನ್. ರಾಜಣ್ಣ ಆಗಸ್ಟ್ 11ರಂದು ಸಂಪುಟದಿಂದಲೇ ಹೊರಬಿದ್ದರು. ಮಾತಾಡಿದವರು ಹೋದರು, ಪ್ರಶ್ನೆ ಉಳಿಯಿತು. ಅಕ್ಟೋಬರ್‌ನಲ್ಲಿ ವಕೀಲರೊಬ್ಬರು ತನಿಖೆ ಕೋರಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ವಿಚಾರಿಸಲು ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ.

ಗಡುವು ತಪ್ಪಿತೆಂದರೆ ಆರೋಪ ಸುಳ್ಳು ಎಂದಲ್ಲ, ಆಯೋಗ ಉತ್ತರ ಕೊಡಬೇಕಾದ ಹೊಣೆಯಿಂದ ಪಾರಾಯಿತು ಎಂದೂ ಅಲ್ಲ. ಆದರೆ ಪ್ರಮಾಣ ಮಾಡಿ ಹೇಳಬೇಕಾದ ಜಾಗದಲ್ಲಿ ಹೇಳದೆ ಮೈಕ್ ಮುಂದೆ ಹೇಳಿದರೆ ಫಲಿತಾಂಶ ಬದಲಾಗಲ್ಲ. ಕರಡು ಪಟ್ಟಿ ಬಂದಾಗ ಬೂತ್ ಮಟ್ಟದ ಏಜೆಂಟರು ಮನೆಮನೆ ತಿರುಗಿ ಫಾರಂ 7ರಲ್ಲಿ ಆಕ್ಷೇಪಣೆ ಹಾಕಬೇಕು. ಸರಿಹೋಗದಿದ್ದರೆ ಜಿಲ್ಲಾಧಿಕಾರಿಗೆ, ಆಮೇಲೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬೇಕು. ಹೆಬ್ಬಾಳವಾಗಲಿ ಮಹದೇವಪುರವಾಗಲಿ, ಮುಂದಿನ ಸಲ ಯಾವ ಪಕ್ಷ ಸೋತರೂ ಈ ಕೆಲಸ ಶುರುವಾಗಬೇಕಾದ್ದು ಮತ ಎಣಿಕೆಗೆ ಬಹಳ ಮೊದಲೇ.