ಹಾಲಿನಂಥ ಸಲಾಯಿನ್: ಗರ್ಭ ನಿಲ್ಲದವರ ರೋಗನಿರೋಧಕ ಚಿಕಿತ್ಸೆಯ ಎಪ್ಪತ್ತು ವರ್ಷ

"ಮೂರು ಸಲ ಭ್ರೂಣ ಹಾಕ್ಯಾರ್ರಿ, ಒಮ್ಮೆನೂ ನಿಂತಿಲ್ಲ. ನನ್ನ ರಕ್ತದಾಗ ಎನ್‌ಕೆ ಸೆಲ್ ಜಾಸ್ತಿ ಅದಾವಂತ."

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ದವಾಖಾನೆಗೆ ಬರುವ ಹೆಣ್ಣುಮಕ್ಕಳ ಬಾಯಲ್ಲಿ ಈ ಮಾತು ಈಗ ಸಲೀಸು. ಇಪ್ಪತ್ತೈದು ವರ್ಷದ ಹಿಂದೆ ಇದೇ ಊರುಗಳಿಂದ ಬಂದವರು "ನಾ ಬಂಜಿ ಅಂತ್ರಿ" ಎಂದು ತಲೆ ತಗ್ಗಿಸುತ್ತಿದ್ದರು. ಶಬ್ದ ಬದಲಾಗಿದೆ, ತಗ್ಗಿದ ತಲೆ ಹಾಗೇ ಇದೆ. ಎನ್‌ಕೆ ಎಂಬ ರೋಗನಿರೋಧಕ ಕೋಶಗಳಿಂದ ತನ್ನ ಮೈಯೇ ತನ್ನ ಕೂಸನ್ನು ಕೊಲ್ಲುತ್ತಿದೆ ಎಂದು ಒಬ್ಬ ಹೆಣ್ಣುಮಗಳು ನಂಬಿಕೊಂಡು ರಾಮದುರ್ಗದ ಬಸ್ ಹತ್ತುವುದನ್ನು ನೋಡಿದಾಗೆಲ್ಲ ಈ ವಿಷಯವನ್ನು ಬಿಡಿಸಿ ಬರೆಯಬೇಕೆನಿಸಿದೆ.

ಮಕ್ಕಳಿಲ್ಲದ್ದರ ಬೆಲೆಯನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಸಂತಾನವಿಲ್ಲದೆ ತೀರಿಕೊಂಡ. ದತ್ತುಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ, ಚೆನ್ನಮ್ಮ ಕತ್ತಿ ಹಿಡಿದಳು, ಸಂಸ್ಥಾನ ಹೋಯಿತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮಕ್ಕಳ ಹರಕೆ ಹೊತ್ತು ಹೋಗುವವರ ಸಾಲು ಇಂದಿಗೂ ಮುರಿದಿಲ್ಲ.

ವಿಜ್ಞಾನದ ಕಡೆಯ ಕಥೆ 1953ರಿಂದ ಶುರು. ತಂದೆಯ ಅರ್ಧ ಪಾಲು ಹೊತ್ತ ಭ್ರೂಣವನ್ನು, ಬೇರೆಯವರ ಕಿಡ್ನಿಯನ್ನು ತಳ್ಳಿಬಿಡುವ ತಾಯಿಯ ಮೈ ಹೇಗೆ ಇಟ್ಟುಕೊಳ್ಳುತ್ತದೆ ಎಂದು ಜೀವವಿಜ್ಞಾನಿ ಪೀಟರ್ ಮೆಡಾವರ್ ಕೇಳಿದರು. ಪ್ರಶ್ನೆ ಅದ್ಭುತವಾಗಿತ್ತು, ಅದಕ್ಕೆ ಸಿಕ್ಕ ಉತ್ತರಗಳೆಲ್ಲ ಅವಸರದವು. ಈ ನಡುವೆ ಮೈಯ ಹೊರಗೆ ಭ್ರೂಣ ತಯಾರಿಸುವ ವಿದ್ಯೆಯೂ ಬಂತು: 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಕೋಲ್ಕತ್ತದಲ್ಲಿ ಸುಭಾಷ್ ಮುಖರ್ಜಿಯವರ ಕೈಯಲ್ಲಿ ದುರ್ಗಾ ಹುಟ್ಟಿದಳು. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದೂಜಾ ಮತ್ತು ಟಿ.ಸಿ. ಆನಂದಕುಮಾರ್ ಅವರ ಯಶಸ್ಸು. ಭಾರತದಲ್ಲಿ ಮೊದಲಿಗ ಎಂಬ ಕಿರೀಟವನ್ನು ತಾವೇ ಇಳಿಸಿ ಮುಖರ್ಜಿಯವರ ಹೆಸರಿಗೆ ಕೊಟ್ಟವರು ಇದೇ ಆನಂದಕುಮಾರ್. ನಮ್ಮ ವೃತ್ತಿಯಲ್ಲಿ ಅಂಥ ದೊಡ್ಡತನ ಅಪರೂಪ.

ಭ್ರೂಣ ತಯಾರಿಸುವುದು ಕೈಗೆ ಹತ್ತಿದ ಮೇಲೆ, ಅದು ಗರ್ಭಕೋಶದಲ್ಲಿ ಯಾಕೆ ಬೇರೂರುವುದಿಲ್ಲ ಎಂಬುದೇ ದೊಡ್ಡ ತೊಡಕಾಯಿತು. ಪದೇ ಪದೇ ಗರ್ಭಪಾತವಾಗುವವರಿಗೆಂದು ಹುಟ್ಟಿದ ಮದ್ದುಗಳನ್ನೇ ಇಲ್ಲಿಗೂ ತಂದರು. ಮೊದಲನೆಯದು ಗಂಡನ ರಕ್ತದ ಬಿಳಿಕಣಗಳನ್ನು ಹೆಂಡತಿಗೆ ಚುಚ್ಚುವುದು. 1985ರಲ್ಲಿ ಸಂಶೋಧಕ ಮೌಬ್ರೇ ಅವರ ಸಣ್ಣ ಪ್ರಯೋಗ ಒಳ್ಳೆಯ ಫಲ ತೋರಿಸಿತು. 1999ರಲ್ಲಿ ಕ್ಯಾರೊಲ್ ಓಬರ್ ತಂಡ ಸರಿಯಾಗಿ ಅಳೆದಾಗ ಬಿಳಿಕಣ ಪಡೆದವರಲ್ಲಿ ಗರ್ಭ ಉಳಿದದ್ದು ನೂರಕ್ಕೆ 36, ಪಡೆಯದವರಲ್ಲಿ 48. ಮದ್ದಿಗಿಂತ ಮದ್ದಿಲ್ಲದಿರುವುದೇ ಮೇಲಾಗಿತ್ತು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಂಶೋಧನೆಯ ಹೊರಗೆ ಅದನ್ನು ತಡೆದರು. ನಮ್ಮ ದೇಶದಲ್ಲಿ ಅದು ಇನ್ನೂ ನಡೆದೇ ಇದೆ.

ಎನ್‌ಕೆ ಕೋಶದ ಗೊಂದಲಕ್ಕೆ ಅದರ ಹೆಸರೇ ಕಾರಣ. 'ನ್ಯಾಚುರಲ್ ಕಿಲ್ಲರ್' ಎಂದ ಮೇಲೆ ಹೆದರದವರಾರು? ರಕ್ತದಲ್ಲಿ ಓಡಾಡುವ ಈ ಕೋಶಗಳು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವುದು ನಿಜ. ಗರ್ಭಕೋಶದ ಒಳಪೊರೆಯಲ್ಲಿರುವವು ಅದೇ ಕುಲದವಾದರೂ ಕಸುಬು ಬೇರೆ. ಅಲ್ಲಿನ ಸುರುಳಿ ರಕ್ತನಾಳಗಳನ್ನು ಅಗಲಿಸಿ ಮಾಸಿಗೆ ಧಾರಾಳವಾಗಿ ರಕ್ತ ಹರಿಯುವಂತೆ ಮಾಡುವುದರಲ್ಲಿ ಅವುಗಳ ಕೈ ಇದೆ. ಕೇಂಬ್ರಿಜಿನ ಆ್ಯಶ್ಲಿ ಮಾಫೆಟ್ ದಶಕಗಳಿಂದ ಇದನ್ನು ಹೇಳುತ್ತಲೇ ಬಂದಿದ್ದಾರೆ. ತಾಯಿಯ ಈ ಕೋಶ ಮತ್ತು ಭ್ರೂಣದ ಗುರುತು ಹೊಂದದಿದ್ದಾಗ ಕೆಡುಕಾಗುವುದು ಕೋಶದ ಅಬ್ಬರದಿಂದಲ್ಲ, ಅದು ಸಾಕಷ್ಟು ಎಚ್ಚರಗೊಳ್ಳದ್ದರಿಂದ ಎಂಬುದು ಅವರ ತಂಡದ ವಾದ. ನಾನು ಆ ಪಕ್ಷದವನು, ಮುಚ್ಚಿಡುವುದಿಲ್ಲ. ಅವರು ಹೇಳುವುದು ಸರಿಯಾದರೆ ತೋಳಿನ ರಕ್ತದಲ್ಲಿ ಕೋಶ ಎಣಿಸಿ ಅವನ್ನು ಅಡಗಿಸಲು ಔಷಧ ಕೊಡುವುದು ಎರಡು ಸಲ ತಪ್ಪಿದಂತೆ: ಎಣಿಸಿದ ಜಾಗವೂ ತಪ್ಪು, ಅಡಗಿಸಿದ್ದೂ ತಪ್ಪು.

ಆದರೂ ಅಡಗಿಸುವ ಮದ್ದುಗಳೇ ಸಾಲುಗಟ್ಟಿದವು. ನಮ್ಮ ಹೆಣ್ಣುಮಕ್ಕಳು 'ಹಾಲಿನಂಥ ಸಲಾಯಿನ್' ಎನ್ನುವುದು ಇಂಟ್ರಾಲಿಪಿಡ್. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಕೊಬ್ಬಿನಂಶದ ದ್ರಾವಣ, ಬಾಯಿಂದ ಉಣ್ಣಲಾಗದ ರೋಗಿಗಳಿಗೆಂದು ಮಾಡಿದ್ದು. 2016ರಲ್ಲಿ ಕೈರೋದ 296 ಹೆಣ್ಣುಮಕ್ಕಳ ಪ್ರಯೋಗದಲ್ಲಿ ಗರ್ಭ ಕಟ್ಟುವ ಪ್ರಮಾಣ ಅದರಿಂದ ಗಣನೀಯವಾಗಿ ಹೆಚ್ಚಲಿಲ್ಲ, ಮಗು ಹುಟ್ಟುವ ಪ್ರಮಾಣ ಮಾತ್ರ ಹೆಚ್ಚಿತ್ತು. 2019ರಲ್ಲಿ ದೆಹಲಿಯ ಏಮ್ಸ್‌ನ ಪ್ರಯೋಗ ಒಳ್ಳೆಯ ಫಲ ಕೊಟ್ಟಿತು, ಆದರೆ ಅದರಲ್ಲಿದ್ದವರು ಸುಮಾರು ನೂರು ಮಂದಿ. ಅಷ್ಟರ ಮೇಲೆ ಅಂಗಡಿ ತೆರೆಯಬಾರದು. ಅಷ್ಟನ್ನೇ ಆಧಾರವಾಗಿಟ್ಟು ದೊಡ್ಡ ಪ್ರಯೋಗ ಮಾಡಬೇಕು. ಇನ್ನೊಂದು ಮದ್ದಾದ ಇಮ್ಯುನೊಗ್ಲಾಬ್ಯುಲಿನ್ ಸಾವಿರಾರು ದಾನಿಗಳ ರಕ್ತದಿಂದ ಬಸಿದದ್ದು, ಬಲು ದುಬಾರಿ. ಪದೇ ಪದೇ ಗರ್ಭಪಾತವಾಗುವವರಿಗೆ ಮೊದಲ ವಾರಗಳಲ್ಲೇ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಜಪಾನಿನವರು 2022ರಲ್ಲಿ ಲಾಭ ತೋರಿಸಿದ್ದಾರೆ; ಅದು ಭ್ರೂಣ ನೆಲೆಗೊಳ್ಳದವರ ಮಾತಲ್ಲ.

ಎಲ್ಲಕ್ಕಿಂತ ಅಗ್ಗವೂ ಬಳಕೆಯಲ್ಲಿ ವ್ಯಾಪಕವೂ ಆದದ್ದು ಸ್ಟೀರಾಯ್ಡ್ ಗುಳಿಗೆ. 2023ರಲ್ಲಿ ಚೀನಾದ 8 ಕೇಂದ್ರಗಳಲ್ಲಿ, ಭ್ರೂಣ ನಿಲ್ಲದ 715 ಹೆಣ್ಣುಮಕ್ಕಳಿಗೆ ದಿನಕ್ಕೆ 10 ಮಿ.ಗ್ರಾಂ ಪ್ರೆಡ್ನಿಸೋನ್ ಅಥವಾ ಔಷಧವಿಲ್ಲದ ಬರಿ ಗುಳಿಗೆ ಕೊಟ್ಟು ನೋಡಿದರು. ಮಗು ಹುಟ್ಟಿದ್ದು ಕ್ರಮವಾಗಿ ಶೇ. 37.8 ಮತ್ತು 38.8. ಸ್ಟೀರಾಯ್ಡ್ ನುಂಗಿದವರಲ್ಲಿ ಆರಂಭದ ಗರ್ಭನಷ್ಟವೂ ಅವಧಿಪೂರ್ವ ಹೆರಿಗೆಯೂ ಹೆಚ್ಚು. ಇದನ್ನು ಓದಿದ ದಿನ ನಾನೇ ಹಿಂದೆ ಬರೆದುಕೊಟ್ಟ ಚೀಟಿಗಳು ನೆನಪಾಗಿ ನಿದ್ದೆ ಬರಲಿಲ್ಲ.

ಹಾಗಾದರೆ ಯಾಕೆ ನಿಲ್ಲುವುದಿಲ್ಲ? ಬಹುಪಾಲು ಉತ್ತರ ಭ್ರೂಣದ ವರ್ಣತಂತುಗಳಲ್ಲಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಣತಂತು ಸರಿಯಿರುವ ಭ್ರೂಣಗಳನ್ನು ಒಂದೊಂದಾಗಿ ಮೂರು ಸಲದವರೆಗೆ ಹಾಕಿದಾಗ ನೂರಕ್ಕೆ 95 ಮಂದಿಯಲ್ಲಿ ಗರ್ಭ ನಿಂತಿತ್ತು. ಉಳಿದ ಐದು ಮಂದಿಯಲ್ಲಿ ನಮ್ಮ ಕಡೆ ಮೊದಲು ಹುಡುಕಬೇಕಾದದ್ದು ಕ್ಷಯ. ಗರ್ಭನಳಿಕೆಯಲ್ಲಿ, ಒಳಪೊರೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಕೆಮ್ಮಿಲ್ಲ, ಜ್ವರವಿಲ್ಲ, ಮುಟ್ಟು ಕಡಿಮೆಯಾದದ್ದಷ್ಟೇ ಗುರುತು. ಕ್ಷಯದ ಇಂಥ ನಾಡಿನಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಚುಚ್ಚುಮದ್ದನ್ನು ಗರ್ಭ ನಿಲ್ಲಲೆಂದು ಕೊಟ್ಟರೆ ಮಲಗಿದ ರೋಗ ಎದ್ದು ಕೂರಬಹುದು. ಎನ್‌ಕೆ ಎಣಿಕೆಯ ವರದಿ ಇರುವ ಎಷ್ಟೋ ಫೈಲುಗಳಲ್ಲಿ ಒಳಪೊರೆಯ ಕ್ಷಯದ ಪರೀಕ್ಷೆ ನನಗೆ ಕಂಡಿಲ್ಲ. ಗಂಡನ ವೀರ್ಯ ಪರೀಕ್ಷೆ ಎರಡು ವರ್ಷ ಹಳೆಯದಿರುತ್ತದೆ.

ಮದ್ದನ್ನು ಅಳೆದು ನೋಡಿಯೇ ಕೊಡಬೇಕೆಂಬುದಕ್ಕೆ ಮಾದರಿ ನಮ್ಮಲ್ಲೇ ಇದೆ; ನಮ್ಮ ಪೀಳಿಗೆ ಹೆಮ್ಮೆಪಡುವ ಆ ಸಂಗತಿಯನ್ನು ಇಲ್ಲಿ ಹೇಳಲೇಬೇಕು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಕೊಡಕಣಿ, ಗೌಡರ ಮತ್ತು ಸಂಗಡಿಗರು ಅಮೆರಿಕದ ಸಹೋದ್ಯೋಗಿಗಳ ಜೊತೆ ಇದೇ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ಮಾಡಿದರು. 1,620 ಹೆಣ್ಣುಮಕ್ಕಳು, ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಅಥವಾ ಬರಿ ಗುಳಿಗೆ. ಯಾರಿಗೆ ಯಾವುದೆಂದು ಕೊಡುವ ಎಎನ್‌ಎಂ ಸಿಸ್ಟರಿಗೂ ಗೊತ್ತಿರಲಿಲ್ಲ. ವಿಪರೀತ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. 2011ರಲ್ಲಿ ಈ ಬಳಕೆಗಾಗಿ ಗುಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ತಡೆಯುತ್ತದೆಯೇ ಎಂದು ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರಲ್ಲಿ ನೋಡಿದ 2020ರ ಅಧ್ಯಯನದಲ್ಲೂ ಬೆಳಗಾವಿಯ ಹೆಣ್ಣುಮಕ್ಕಳಿದ್ದರು.

ಹೆರಿಗೆಯ ಮನೆಯಲ್ಲಿ ಒಂದು ಗುಳಿಗೆ ಕೊಡುವ ಮುಂಚೆ ಇಷ್ಟು ಲೆಕ್ಕ ಕೇಳಿದ ಜಿಲ್ಲೆ ಇದು. ಎರಡೆಕರೆ ಹೊಲ ಒತ್ತೆ ಇಟ್ಟು ಬಂದವಳಿಗೆ ಬಿಳಿ ಸಲಾಯಿನ್ ಹಚ್ಚುವಾಗಲೂ ಅದೇ ಲೆಕ್ಕ ಕೇಳಬೇಕಲ್ಲವೇ? 2021ರ ಸಹಾಯಕ ಸಂತಾನೋತ್ಪತ್ತಿ ಕಾಯ್ದೆ ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯಗಳನ್ನು ದಂಪತಿಗೆ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಆ ಒಪ್ಪಿಗೆಯ ಹಾಳೆಯಲ್ಲಿ ಸ್ಟೀರಾಯ್ಡಿನ ಎದುರಿಗೆ 37.8 ಮತ್ತು 38.8 ಎಂಬ ಎರಡು ಅಂಕಿಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು.