ದಾಳ, ನಕ್ಷೆ, ದನಿ: ಯುದ್ಧದಾಟ ನಡೆದು ಬಂದ ದಾರಿ

ಯುದ್ಧದ ಇತಿಹಾಸವನ್ನು ಓದುವವರು ಒಂದು ಬಗೆ. ಅದನ್ನು ಮೇಜಿನ ಮೇಲೆ ಹರಡಿಕೊಂಡು ಆಡುವವರು ಇನ್ನೊಂದು ಬಗೆ. ಈ ಇಬ್ಬರನ್ನೂ ಒಂದೇ ಕಟ್ಟೆಯಲ್ಲಿ ಕೂರಿಸಿದ್ದು ಕಳೆದ ಎರಡು ದಶಕಗಳ ಪಾಡ್‌ಕಾಸ್ಟ್. ಮಾಧ್ಯಮ ಹೊಸದಿರಬಹುದು, ಆದರೆ ಈ ಆಟಕ್ಕೂ ಮಾತಿಗೂ ಇರುವ ನಂಟು ಹಳೆಯದು. ಕಾಯಿ ನಡೆಸಿದ ಮೇಲೆ ‘ಹೀಗೇಕಾಯಿತು?’ ಎಂದು ಬಿಡಿಸಿ ಹೇಳುವವರೊಬ್ಬರು ಈ ಆಟಕ್ಕೆ ಮೊದಲಿನಿಂದಲೂ ಬೇಕಾಗಿದ್ದರು.

ಮೂಲ ನಮ್ಮ ಚತುರಂಗದ ಸಂತತಿಯಲ್ಲೇ ಇದೆ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್‌ವಿಗ್ ಎಂಬ ಅಧ್ಯಾಪಕ ಚೆಸ್ ಹಾಸನ್ನು 1,617 ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ಕಾಡು, ನೀರಿಗೆ ಬೇರೆ ಬೇರೆ ಬಣ್ಣ ಕೊಟ್ಟ. ಮುಂದೆ ಪ್ರಶ್ಯಾದ ರೈಸ್‌ವಿಟ್ಸ್ ಎಂಬ ತಂದೆ-ಮಗ ಮನೆಗಳನ್ನೇ ಅಳಿಸಿಹಾಕಿದರು. ತಂದೆಯ ಆಟ 1812ರಲ್ಲಿ ದೊರೆಯ ಕಣ್ಣಿಗೆ ಬಿತ್ತು. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಅದನ್ನು ತಿದ್ದಿ ನಿಯಮಪುಸ್ತಕ ಪ್ರಕಟಿಸಿದ. 1:8000 ಅಳತೆಯ ನಿಜವಾದ ನಕ್ಷೆ, ಕೆಂಪು ಮತ್ತು ನೀಲಿ ಪಡೆಗಳು, ಒಂದು ಸುತ್ತಿಗೆ ಎರಡು ನಿಮಿಷದ ಕಾಲ, ಸಾವುನೋವಿಗೆ ದಾಳ. ಎದುರಾಳಿಯ ಪಡೆ ನೇರವಾಗಿ ಕಣ್ಣಿಗೆ ಬೀಳುವಂತಿಲ್ಲ. ಆಟಗಾರ ಆದೇಶ ಬರೆದು ಪಂಚನ ಕೈಗೆ ಕೊಡಬೇಕು. ಕಾಣಬಹುದಾದಷ್ಟನ್ನು ಮಾತ್ರ ಪಂಚ ತೋರಿಸುತ್ತಾನೆ. ನಿಯಮ ಅತಿಯಾಗಿ ಆಟ ಕುಂಟತೊಡಗಿದಾಗ, 1876ರಲ್ಲಿ ಪ್ರಶ್ಯಾದ ಸೇನಾಧಿಕಾರಿ ವೆರ್ಡಿ ದು ವೆರ್ನ್ವಾ ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ಪಂಚನ ತೀರ್ಮಾನವೇ ಸಾಕೆಂದ. ಯುದ್ಧದಾಟದಲ್ಲಿ ವಿವರಣೆಯ ದನಿಗೆ ಅಧಿಕೃತ ಸ್ಥಾನ ಸಿಕ್ಕಿದ್ದು ಅಲ್ಲಿಂದ.

ಆ ದನಿಯ ಬೆಲೆ ತಿಳಿಯಲು 1942ರ ಲಿವರ್‌ಪೂಲ್ ನೋಡಬೇಕು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದ ಕಾಲ. ಕ್ಷಯದಿಂದ ನಿವೃತ್ತನಾಗಿದ್ದ ನೌಕಾಧಿಕಾರಿ ಗಿಲ್ಬರ್ಟ್ ರಾಬರ್ಟ್ಸ್, ನೌಕಾಪಡೆಯ ಯುವತಿಯರ ತಂಡ ಕಟ್ಟಿಕೊಂಡು ಕೋಣೆಯ ನೆಲವನ್ನೇ ಸಮುದ್ರ ಮಾಡಿದ. ಆಟಗಾರ ಅಧಿಕಾರಿಗಳು ಪರದೆಯ ಹಿಂದೆ ನಿಂತು ಕಿಂಡಿಯಲ್ಲಿ ಇಣುಕಬೇಕು. ಹಡಗಿನ ಮೇಲಿಂದ ಕಾಣುವಷ್ಟೇ ಅವರಿಗೆ ಕಾಣುತ್ತಿತ್ತು. ಆಟ ಮುಗಿದೊಡನೆ ಎಲ್ಲರೂ ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳ ಸುತ್ತ ನಿಂತು ಚರ್ಚಿಸುತ್ತಿದ್ದರು. ಸಬ್‌ಮರೀನ್‌ಗಳು ಹೊರಗಿನಿಂದಲ್ಲ, ಹಡಗುಸಾಲಿನ ಒಳಕ್ಕೇ ನುಸುಳಿ ಹೊಡೆಯುತ್ತಿವೆ ಎಂದು ಗೊತ್ತಾದದ್ದು ಇಲ್ಲಿ. ಅದಕ್ಕೆ ಹೂಡಿದ ಪ್ರತಿತಂತ್ರಕ್ಕೆ ‘ರಾಸ್‌ಬೆರಿ’ ಎಂಬ ಹೆಸರು ಕೊಟ್ಟದ್ದು ತಂಡದ ಜೀನ್ ಲೇಡ್‌ಲಾ.

ಸೇನೆಯಿಂದ ಮನೆಗೆ ಆಟ ಬಂದ ಕಥೆ ಬೇರೆ. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಬರೆದು ಆಟಿಕೆ ಸೈನಿಕರಿಗೆ ನಿಯಮ ಕೊಟ್ಟ. 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ‘ಟ್ಯಾಕ್ಟಿಕ್ಸ್’ ಮಾರಾಟಕ್ಕಿಟ್ಟ; 1958ರಲ್ಲಿ ಅವನ ಅವಲಾನ್ ಹಿಲ್ ಕಂಪನಿ ‘ಗೆಟಿಸ್‌ಬರ್ಗ್’ ತಂದಿತು. ಇಂದು ಯುದ್ಧದಾಟದ ಗುರುತೇ ಆಗಿರುವ ಆರು ಮೂಲೆಯ ಮನೆಗಳು 1961ರ ಹೊತ್ತಿಗೆ ಈ ಆಟಗಳಲ್ಲಿ ಕಾಣಿಸಿಕೊಂಡವು. ಬ್ರಿಟನ್ನಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ 1962ರ ತನ್ನ ‘ವಾರ್ ಗೇಮ್ಸ್’ ಪುಸ್ತಕದಿಂದ ಪುಟ್ಟ ಸೈನಿಕರ ಆಟಕ್ಕೆ ಒಂದು ಪೀಳಿಗೆಯನ್ನೇ ಸೆಳೆದ. 1969ರಲ್ಲಿ ಜಿಮ್ ಡನಿಗನ್ ‘ಸ್ಟ್ರಾಟಜಿ ಅಂಡ್ ಟ್ಯಾಕ್ಟಿಕ್ಸ್’ ಪತ್ರಿಕೆ ವಹಿಸಿಕೊಂಡು, ಪ್ರತಿ ಸಂಚಿಕೆಯಲ್ಲೂ ಒಂದು ಕದನದ ಲೇಖನ, ಜೊತೆಗೆ ಅದೇ ಕದನದ ಆಟ ಎಂಬ ರೂಢಿ ಹಾಕಿದ. ಓದಿದ್ದನ್ನು ಆಡಿ ನೋಡುವ, ಆಡಿದ್ದನ್ನು ಮತ್ತೆ ಓದುವ ಈ ಕ್ರಮವನ್ನೇ ಪಾಡ್‌ಕಾಸ್ಟ್ ಮುಂದುವರಿಸಿತು.

2005ರ ಜೂನ್‌ನಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ದಾರಿ ಸಲೀಸಾಯಿತು. 2006ರಲ್ಲಿ ಡ್ಯಾನ್ ಕಾರ್ಲಿನ್‌ನ ‘ಹಾರ್ಡ್‌ಕೋರ್ ಹಿಸ್ಟರಿ’ ಶುರುವಾಯಿತು. ಮೊದಲ ಮಹಾಯುದ್ಧದ ಕುರಿತ ಆರು ಕಂತುಗಳೇ 20 ಗಂಟೆ ಮೀರಿದವು. ತಾನು ಇತಿಹಾಸಕಾರನಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ; ಸೈನಿಕನೊಬ್ಬ ಕಂದಕದಲ್ಲಿ ಏನನ್ನು ಅನುಭವಿಸಿದ ಎಂಬುದೇ ಅವನ ಆಸಕ್ತಿ. ಹಾಸ್ಯಗಾರ ಅಲ್ ಮರ್ರಿ, ಇತಿಹಾಸಕಾರ ಜೇಮ್ಸ್ ಹಾಲೆಂಡ್ 2019ರಿಂದ ನಡೆಸುತ್ತಿರುವ ಎರಡನೇ ಮಹಾಯುದ್ಧದ ಪಾಡ್‌ಕಾಸ್ಟ್‌ನದ್ದು ಬೇರೆಯೇ ಧಾಟಿ: ಟ್ಯಾಂಕಿನ ರಿಪೇರಿ, ಪೆಟ್ರೋಲು, ಊಟದ ಪೂರೈಕೆ ಇವೆಲ್ಲ ಅಲ್ಲಿ ಹರಟೆಯ ಸರಕು. ಆಟಗಾರರ ಪಾಳಯದಲ್ಲಿ ನೀಲ್ ಶಕ್‌ನ ‘ಮೀಪಲ್ಸ್ ಅಂಡ್ ಮಿನಿಯೇಚರ್ಸ್’, ಅವನೂ ಹೆನ್ರಿ ಹೈಡ್‌ನೂ ಸೇರಿ ನಡೆಸಿದ ‘ವ್ಯೂ ಫ್ರಮ್ ದಿ ವೆರಾಂಡಾ’ ಹೆಸರು ಮಾಡಿದವು.

ಇಂಥ ಮಾತು ಈಗ ಹೆಚ್ಚು ಬೇಕಾಗಿರುವುದಕ್ಕೆ ಆಟಗಳು ಬದಲಾದದ್ದೂ ಕಾರಣ. ಅಮೆರಿಕದ ಸಿಐಎಯಲ್ಲಿ ವಿಶ್ಲೇಷಕನಾಗಿದ್ದ ವೋಲ್ಕೊ ರುಂಕೆ 2012ರಲ್ಲಿ ಕೊಲಂಬಿಯಾದ ಸಂಘರ್ಷ ಕುರಿತ ‘ಆಂಡಿಯನ್ ಅಬಿಸ್’ ಆಟದಿಂದ ಹೊಸ ಸರಣಿ ತೆರೆದ. ಅಲ್ಲಿರುವುದು ಎರಡು ಸೇನೆಗಳಲ್ಲ, ನಾಲ್ಕು ಬಣ. ಒಂದೊಂದರ ಗೆಲುವಿನ ಲೆಕ್ಕವೂ ಬೇರೆ. ಅದೇ ಸರಣಿಯಲ್ಲಿ 2019ರಲ್ಲಿ ಬ್ರೂಸ್ ಮ್ಯಾನ್ಸ್‌ಫೀಲ್ಡ್ ರಚಿಸಿದ ‘ಗಾಂಧಿ’ ಬಂತು: ಬ್ರಿಟಿಷ್ ಸರ್ಕಾರ, ಕಾಂಗ್ರೆಸ್, ಮುಸ್ಲಿಂ ಲೀಗ್, ಕ್ರಾಂತಿಕಾರಿಗಳು. ಸತ್ಯಾಗ್ರಹವನ್ನು ಯುದ್ಧದಾಟದ ಮನೆಗಳಲ್ಲಿ ಹೇಗೆ ಕೂರಿಸುವುದು ಎಂಬುದಕ್ಕೆ ದಾಳ ಉತ್ತರ ಕೊಡುವುದಿಲ್ಲ. ಆಟ ಕಟ್ಟಿದವರೇ ಬಾಯಿಬಿಟ್ಟು ಹೇಳಬೇಕು.

ಕೊರತೆಗಳೂ ಇವೆ. ಕಿವಿಗೆ ನಕ್ಷೆ ಕಾಣುವುದಿಲ್ಲ; ಎಡಪಾರ್ಶ್ವ, ಹೊಳೆಯ ತಿರುವು ಎಂದೆಲ್ಲ ಹೇಳುತ್ತ ಹೋದರೆ ಕೇಳುಗ ದಿಕ್ಕು ತಪ್ಪುತ್ತಾನೆ. ಕಥೆ ರೋಚಕವಾದಷ್ಟೂ ಆದದ್ದೆಲ್ಲ ಆಗಲೇಬೇಕಿತ್ತು ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆ ಒಡೆಯುವುದು ಆಟದ ಮೇಜಿನ ಮೇಲೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನದ ಚಿತ್ರವಿದೆ. ಹೈದರ್, ಟಿಪ್ಪು ಬ್ರಿಟಿಷರ ಕರ್ನಲ್ ಬೇಲಿಯ ಪಡೆಯನ್ನು ಸುತ್ತುಗಟ್ಟಿದಾಗ, ಕಂಚಿಯ ಕಡೆ ಇದ್ದ ಹೆಕ್ಟರ್ ಮನ್ರೋನ ಮುಖ್ಯ ಸೇನೆ ಸಮಯಕ್ಕೆ ಬಂದು ಕೂಡಿಕೊಳ್ಳಲಿಲ್ಲ. ಬಂದಿದ್ದರೆ? ಚಿತ್ರ ಮೈಸೂರಿನ ಗೆಲುವನ್ನು ಸಾರುತ್ತದೆ, ಪಾಡ್‌ಕಾಸ್ಟ್ ಅದರ ಕಥೆ ಹೇಳಬಲ್ಲದು, ಆದರೆ ಮನ್ರೋನನ್ನು ಒಂದು ಸುತ್ತು ಮೊದಲೇ ಹೊರಡಿಸಿ ನೋಡುವ ಸ್ವಾತಂತ್ರ್ಯ ಇರುವುದು ಆಟದಲ್ಲಿ ಮಾತ್ರ.

ಆದ್ದರಿಂದ ಆಸಕ್ತರು ಎರಡನ್ನೂ ಜೊತೆಗೇ ಹಿಡಿಯುವುದು ಮೇಲು: ಮೊದಲು ಕಂತು ಕೇಳಿ, ನಕ್ಷೆ ಮುಂದಿಟ್ಟುಕೊಂಡು ಆಡಿ, ಸೋತ ಮೇಲೆ ಅದೇ ಕಂತನ್ನು ಮತ್ತೊಮ್ಮೆ ಕೇಳಿ. ಮೈಸೂರು ಯುದ್ಧಗಳನ್ನು ಬಲ್ಲ ಕನ್ನಡದ ಇತಿಹಾಸಕಾರರು ಮೈಕಿನ ಮುಂದೆ ಕೂರಲಿ; ಆಟ ಕಟ್ಟಬಲ್ಲ ಹುಡುಗ ಹುಡುಗಿಯರು ಅವರ ಪಕ್ಕದಲ್ಲೇ ಕೂರಲಿ.