ಒಬ್ಬರ ಪಗಾರ, ಬೆಂಗಳೂರಿನ ಬಾಡಿಗೆ: ಸಂಬಳದಿಂದ ಮನೆ ಬಿಟ್ಟುಹೋದ ಕಥೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆಲ್ಲ ಮೊದಲ ತಿಂಗಳಲ್ಲೇ ಎದುರಾಗೋ ಪ್ರಶ್ನೆ ಇವತ್ತಿನ ವಿಷಯ. ಒಬ್ಬರ ಪಗಾರದಲ್ಲಿ ಬೆಂಗಳೂರಲ್ಲಿ ಬದುಕೋಕೆ ಆಗುತ್ತಾ?

ಈ ಪ್ರಶ್ನೆ ಊರಲ್ಲಿ ಕೇಳಿದ್ರೆ ಉತ್ತರ ರೆಡಿ ಇರುತ್ತೆ. "ನಮ್ಮ ಕಾಲದಾಗ ಒಂದೇ ಪಗಾರದಾಗ ಇಡೀ ಮನಿ ನಡಸ್ಯಾರ. ನಿಮಗ ಒಬ್ಬರಿಗೇ ಸಾಲಂಗಿಲ್ಲ ಅಂದ್ರ ಹೆಂಗ?" ಆಮೇಲೆ ನಮ್ಮ ಫೋನು, ನಮ್ಮ ಸ್ವಿಗ್ಗಿ, ನಮ್ಮ ಶೂ ಎಲ್ಲದರ ಲೆಕ್ಕ ಹೊರಗೆ ಬರುತ್ತೆ.

ದೊಡ್ಡವರು ಸುಳ್ಳು ಹೇಳ್ತಿಲ್ಲ. ಒಂದೇ ಪಗಾರದಲ್ಲಿ ನಾಲ್ಕು ಜನರ ಮನೆ ನಡೆದದ್ದು ನಿಜ. ಆದ್ರೆ ಹೇಗೆ ನಡೀತು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ಅದನ್ನ ಇವತ್ತು ನೋಡೋಣ.

ಎರಡು ಪದ, ಎರಡು ಅರ್ಥ

ನಮ್ಮ ರಾಯಚೂರು ಕಡೆ ಸಂಬಳಕ್ಕೆ ಪಗಾರ ಅಂತೀವಿ. ಇದು ಪೋರ್ಚುಗೀಸರ ಪದ. ಅವರ ಭಾಷೆಯಲ್ಲಿ ಪಗಾರ್ ಅಂದ್ರೆ ಹಣ ಕೊಡೋದು. ಮರಾಠಿಯಲ್ಲೂ ಇದೇ ಪದ ಐತಿ. ಇನ್ನು ಸಂಬಳ ಅನ್ನೋದರ ಬೇರು ಸಂಸ್ಕೃತದ ಶಂಬಲ. ಅದರ ಅರ್ಥ ದಾರಿ ಬುತ್ತಿ, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗೋ ಊಟ.

ಇದನ್ನ ನೆನಪಲ್ಲಿಟ್ಕೊಳ್ರಿ. ಬುತ್ತಿ ಅಂದ್ರೆ ಊಟ. ಬುತ್ತಿ ಗಂಟಿನಲ್ಲಿ ಮನೆ ಇರಲ್ಲ.

ಹಟ್ಟಿಯಲ್ಲಿ ಪಗಾರದ ಜೊತೆ ಏನೇನು ಬರ್ತಿತ್ತು

ನಮ್ಮಲ್ಲಿಂದಲೇ ಶುರು ಮಾಡೋಣ. ಮಸ್ಕಿಯ ಅಶೋಕನ ಶಾಸನ ಎಲ್ಲರಿಗೂ ಗೊತ್ತು, ಅಶೋಕ ಅನ್ನೋ ಹೆಸರೇ ಇರೋ ಶಾಸನ ಅಂತ ಶಾಲೆಯಲ್ಲಿ ಓದಿದೀವಿ. ಅದನ್ನ 1915ರಲ್ಲಿ ಪತ್ತೆ ಮಾಡಿದ ಬೀಡನ್ ಇತಿಹಾಸಕಾರ ಅಲ್ಲ, ಚಿನ್ನ ಹುಡುಕ್ತಾ ಬಂದಿದ್ದ ಗಣಿ ಎಂಜಿನಿಯರ್. ಈ ಭಾಗದಲ್ಲಿ ಚಿನ್ನದ ಆಸೆ ಅಷ್ಟು ಹಳೇದು.

ಆ ಚಿನ್ನ ಇವತ್ತಿಗೂ ಸಿಗ್ತಿರೋದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ. ಈಗಿನ ಹಟ್ಟಿ ಚಿನ್ನದ ಗಣಿ ಕಂಪನಿ ಶುರುವಾಗಿದ್ದು 1947ರಲ್ಲಿ, ಹೈದರಾಬಾದ್ ನಿಜಾಮರ ಆಳ್ವಿಕೆ ಇನ್ನೂ ಇದ್ದಾಗ. ಭೂಮಿಯೊಳಗೆ ಇಳಿದು ಬಂಡೆ ಒಡೆಯೋ ಕೆಲಸ. ಧೂಳು, ಸೆಕೆ, ಅಪಾಯ ಎಲ್ಲ ಇತ್ತು. ಆದ್ರೂ ನಮ್ಮ ಕಡೆ ಹಟ್ಟಿಯಲ್ಲಿ ನೌಕರಿ ಅಂದ್ರೆ ಹೆಣ್ಣು ಕೊಡೋರು ಮುಂದೆ ಬರ್ತಿದ್ರು. ಯಾಕೆ?

ಪಗಾರದ ಜೊತೆ ಕ್ವಾರ್ಟರ್ಸ್ ಇತ್ತು. ಕಂಪನಿ ಆಸ್ಪತ್ರೆ ಇತ್ತು. ಮಕ್ಕಳಿಗೆ ಶಾಲೆ ಇತ್ತು. ಕೆಲಸಕ್ಕೆ ಹೋಗೋಕೆ ಬಸ್ ಚಾರ್ಜ್ ಬೇಕಿರಲಿಲ್ಲ, ಗಣಿ ಪಕ್ಕದಲ್ಲೇ ಮನೆ. ಬಿ.ಕಾಂ ಭಾಷೆಯಲ್ಲಿ ಹೇಳಬೇಕಂದ್ರೆ, ಮನೆ ಖರ್ಚಿನ ಪುಸ್ತಕದಲ್ಲಿ ಅತಿ ದೊಡ್ಡ ಮೂರು ಸಾಲುಗಳನ್ನ ಕಂಪನಿ ತನ್ನ ಪುಸ್ತಕಕ್ಕೆ ಬರ್ಕೊಂಡಿತ್ತು. ಕೈಗೆ ಬಂದ ಪಗಾರ ಸಣ್ಣದಿರಬಹುದು. ಆದ್ರೆ ಅದು ಬುತ್ತಿಗೆ, ಬಟ್ಟೆಗೆ, ಮದುವೆ ಮುಂಜಿಗೆ ಉಳೀತಿತ್ತು.

ಬೆಂಗಳೂರು ಕೂಡ ಹಾಗೇ ಇತ್ತು

ಇದು ಬರೀ ಗಣಿ ಊರಿನ ಕಥೆ ಅಲ್ಲ. ಬೆಂಗಳೂರನ್ನ ಕೆಲಸದ ಊರು ಮಾಡಿದ್ದೇ ಇಂಥ ಕಾರ್ಖಾನೆಗಳು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕಾರ್ಖಾನೆ ಜೊತೆಗೇ ಕಾಲೋನಿಗಳು ಎದ್ದವು. ಟೆಲಿಫೋನ್ ಮಾಡ್ತಿದ್ದ ಐಟಿಐ ಇದ್ದ ಜಾಗಕ್ಕೆ ದೂರವಾಣಿನಗರ ಅಂತಾನೇ ಹೆಸರು. ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಕಾಲೋನಿಗಳನ್ನ ಈಗಲೂ ನೋಡಬಹುದು.

ಎಲ್ಲ ಕಾರ್ಮಿಕರಿಗೂ ಕ್ವಾರ್ಟರ್ಸ್ ಸಿಗಲಿಲ್ಲ, ಅದೂ ನಿಜ. ಸಿಗದವರಿಗೆ ಕಂಪನಿ ಬಸ್, ಕಡಿಮೆ ದರದ ಕ್ಯಾಂಟೀನ್ ಊಟ, ಸೊಸೈಟಿ ಸಾಲ, ಸೈಟು, ಇವುಗಳಲ್ಲಿ ಒಂದಿಷ್ಟು ಸಿಗ್ತಿತ್ತು. ಅದೂ ಪುಕ್ಕಟೆ ಬಂದದ್ದಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಮಿಕರು 77 ದಿನ ಮುಷ್ಕರ ಮಾಡಿದ್ರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಿಗೋ ಪಗಾರ ನಮಗೂ ಬೇಕು ಅನ್ನೋದು ಮುಖ್ಯ ಬೇಡಿಕೆ. ಎರಡೂವರೆ ತಿಂಗಳು ಪಗಾರ ಇಲ್ಲದೆ ಮನೆ ನಡೆಸೋದು ಅಂದ್ರೆ ಏನು ಅಂತ ಯೋಚನೆ ಮಾಡ್ರಿ. ಕೇಳಿದ್ದೆಲ್ಲ ಸಿಗಲೂ ಇಲ್ಲ.

ಕಾಗದದ ಮೇಲೆ ಒಂದು ಪಗಾರ ಅಂದ್ರೆ ನಾಲ್ಕು ಜನ

ಇನ್ನು ಈ ಕಥೆಯ ಮುಖ್ಯ ಭಾಗ. ಒಂದು ಪಗಾರ ಎಷ್ಟು ಜನಕ್ಕೆ ಸಾಕಾಗಬೇಕು? ಇದಕ್ಕೆ ನಮ್ಮ ದೇಶದಲ್ಲಿ ಒಂದು ಉತ್ತರ ಬರೆದಿಟ್ಟಿದ್ದಾರೆ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ನಡೀತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂರೂ ಕಡೆಯವರು ಕೂತು ಕನಿಷ್ಠ ವೇತನಕ್ಕೆ ಒಂದು ಅಳತೆ ಒಪ್ಪಿಕೊಂಡ್ರು.

ಆ ಅಳತೆ ಹೀಗಿತ್ತು. ದುಡಿಯೋದು ಒಬ್ಬರು, ತಿನ್ನೋದು ನಾಲ್ಕು ಜನ. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6, ಒಟ್ಟು 3 ಆಳಿನ ಲೆಕ್ಕ. ಒಂದು ಆಳಿಗೆ ದಿನಕ್ಕೆ 2,700 ಕ್ಯಾಲರಿ ಊಟ. ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಉರುವಲು, ದೀಪ, ಇತರೆ ಖರ್ಚಿಗೆ ಒಟ್ಟು ವೇತನದ 20 ಪರ್ಸೆಂಟ್. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಕಂಪನಿಯ ಕೇಸಿನಲ್ಲಿ ಇನ್ನೂ 25 ಪರ್ಸೆಂಟ್ ಸೇರಿಸ್ತು. ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪಿನ ಕಾಲ ಇದಕ್ಕೆಲ್ಲ.

ಸರಿ, ಮನೆ ಬಾಡಿಗೆಗೆ ಎಷ್ಟು? 1957ರ ಅಳತೆಯಲ್ಲಿ ಬಾಡಿಗೆ ಅಂದ್ರೆ, ಸರ್ಕಾರ ಕಾರ್ಮಿಕರಿಗಾಗಿ ಕಟ್ಟಿಸೋ ಸಹಾಯಧನದ ಮನೆಗಳಿಗೆ ತಗೊಳ್ಳೋ ಕನಿಷ್ಠ ಬಾಡಿಗೆ. ಆ ಯೋಜನೆ 1952ರಲ್ಲೇ ಶುರುವಾಗಿತ್ತು. ಅಂದ್ರೆ ಲೆಕ್ಕ ಹಾಕಿದವರು ಮನೆ ಮಾಲೀಕರ ಬಾಡಿಗೆಯನ್ನ ಎಣಿಸಲೇ ಇಲ್ಲ. ಕಾರ್ಮಿಕನಿಗೆ ಮನೆಯನ್ನ ಸರ್ಕಾರವೋ ಕಂಪನಿಯೋ ಕೊಡುತ್ತೆ ಅನ್ನೋ ನಂಬಿಕೆ ಆ ಲೆಕ್ಕದ ಒಳಗೇ ಕೂತಿತ್ತು.

ಮನೆ ಹೋಯ್ತು, ಲೆಕ್ಕ ಉಳೀತು

1991ರ ನಂತರ ಕೆಲಸದ ರೂಪ ಬದಲಾಯ್ತು. ಐಟಿ, ಬಿಪಿಒ, ಗಾರ್ಮೆಂಟ್ಸ್, ಸೆಕ್ಯೂರಿಟಿ, ಡೆಲಿವರಿ, ಹೊಸ ಕೆಲಸಗಳು ಲಕ್ಷಗಟ್ಟಲೆ ಬಂದವು. ಕಂಪನಿ ಕಾಲೋನಿ ಅನ್ನೋದು ಮಾತ್ರ ಬರಲಿಲ್ಲ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಮನೆ ಹುಡುಕೋದು ಪೂರ್ತಿ ನೌಕರನ ತಲೆ ಮೇಲೆ ಬಂತು.

ಆದ್ರೆ ವೇತನದ ಲೆಕ್ಕ ಬದಲಾಯ್ತಾ? ವೇತನ ಸಂಹಿತೆಗಾಗಿ ಕೇಂದ್ರ 2020ರಲ್ಲಿ ಹೊರಡಿಸಿದ ಕರಡು ನಿಯಮ ನೋಡ್ರಿ. ಅದೇ 3 ಆಳು, ಅದೇ 2,700 ಕ್ಯಾಲರಿ, 72 ಗಜದ ಬದಲು 66 ಮೀಟರ್ ಬಟ್ಟೆ. ಬಾಡಿಗೆಗೆ ಎಷ್ಟು ಗೊತ್ತಾ? ಊಟ ಮತ್ತು ಬಟ್ಟೆ ಖರ್ಚಿನ 10 ಪರ್ಸೆಂಟ್. ಊಟ, ಬಟ್ಟೆಗೆ ತಿಂಗಳಿಗೆ 12,000 ಅಂತ ಇಟ್ಕೊಂಡ್ರೆ ಬಾಡಿಗೆ 1,200 ರೂಪಾಯಿ. ಬೆಂಗಳೂರಲ್ಲಿ 1,200ಕ್ಕೆ ಏನು ಸಿಗುತ್ತೆ ಅಂತ ನಿಮಗೇ ಗೊತ್ತು.

ಸರ್ಕಾರಕ್ಕೆ ಊರೂರಿಗೆ ಬಾಡಿಗೆ ಬೇರೆ ಅಂತ ಗೊತ್ತಿಲ್ಲ ಅಂತಲ್ಲ. ತನ್ನ ನೌಕರರ ವಿಷಯದಲ್ಲಿ ಚೆನ್ನಾಗೇ ಗೊತ್ತಿದೆ. ಕೇಂದ್ರ ಸರ್ಕಾರಿ ನೌಕರನಿಗೆ ಬೆಂಗಳೂರಂಥ ಊರಲ್ಲಿ ಮೂಲ ವೇತನದ 30 ಪರ್ಸೆಂಟ್ ಮನೆ ಬಾಡಿಗೆ ಭತ್ಯೆ, ಸಣ್ಣ ಊರುಗಳಲ್ಲಿ 10 ಪರ್ಸೆಂಟ್. ಅದೇ ಆದಾಯ ತೆರಿಗೆ ಲೆಕ್ಕಕ್ಕೆ ಬಂದಾಗ ದಶಕಗಳ ಕಾಲ 50 ಪರ್ಸೆಂಟ್ ವಿನಾಯಿತಿ ಮಿತಿ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ 40. ಭತ್ಯೆ ಕೊಡುವಾಗ ದೊಡ್ಡ ಊರು, ತೆರಿಗೆ ಹಾಕುವಾಗ ಸಣ್ಣ ಊರು!

ಇವತ್ತಿನ ಲೆಕ್ಕ

ಸಿಂಧನೂರಿನ ಒಬ್ಬ ಹುಡುಗಿ ಅಂತ ಇಟ್ಕೊಳ್ರಿ. ಕೈಗೆ ಬರೋದು 25,000. ಸಣ್ಣ ಮನೆಗೆ ಬಾಡಿಗೆ 12,000 ಅಂದ್ರೆ ಅರ್ಧ ಪಗಾರ ಒಂದನೇ ತಾರೀಖಿಗೇ ಖಾಲಿ. ಅದಕ್ಕೂ ಮೊದಲು ಅಡ್ವಾನ್ಸ್. ಬೆಂಗಳೂರಿನ ರೂಢಿ ಪ್ರಕಾರ ಹತ್ತು ತಿಂಗಳ ಬಾಡಿಗೆ ಕೇಳಿದ್ರೆ 1,20,000. ಇನ್ನೂ ಒಂದು ರೂಪಾಯಿ ದುಡಿದಿಲ್ಲ, ಐದು ತಿಂಗಳ ಪಗಾರ ಹತ್ತಿರ ಹತ್ತಿರ ಬೇಕು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ. ಆದ್ರೆ ಅದು ಹೆಸರಿಗೆ ತಕ್ಕಂತೆ ಮಾದರಿ, ರಾಜ್ಯಗಳು ಒಪ್ಪಿದ್ರೆ ಮಾತ್ರ ಜಾರಿ.

ಹಾಗಾಗಿ ಅವಳು ಪಿಜಿಗೆ ಹೋಗ್ತಾಳೆ. ಒಂದು ರೂಮಲ್ಲಿ ಮೂರು ಮಂಚ. ಒಬ್ಬರ ಪಗಾರ ಸಾಕಾ ಅಂದ್ರೆ, ಮಂಚಕ್ಕೆ ಸಾಕು, ಮನೆಗೆ ಸಾಲಲ್ಲ.

ಇನ್ನೊಂದು ಮಾತು. ಒಬ್ಬರ ಪಗಾರ ಅಂತ ಕರೆದದ್ದು ಯಾವತ್ತೂ ಒಬ್ಬರ ದುಡಿಮೆ ಆಗಿರಲಿಲ್ಲ. 1957ರ ಲೆಕ್ಕದಲ್ಲಿ ಹೆಂಗಸರ ಗಳಿಕೆಯನ್ನ ಹಿಡಿಯಬಾರದು ಅಂತಾನೇ ಬರೆದಿದ್ರು. ಆದ್ರೆ ಕ್ವಾರ್ಟರ್ಸ್‌ನಲ್ಲಿ ನೀರು ಹಿಡಿದು, ರೊಟ್ಟಿ ಬಡಿದು, ಗಂಡನನ್ನ ಶಿಫ್ಟಿಗೆ ಕಳಿಸಿದ್ದು ಯಾರು? ಊರಲ್ಲಿ ಹೊಲ ನೋಡ್ಕೊಂಡದ್ದು ಯಾರು? ಆ ದುಡಿಮೆಗೆ ಪಗಾರದ ಚೀಟಿ ಇರಲಿಲ್ಲ, ಅಷ್ಟೇ.

ಇವತ್ತೂ ಊರಿನ ಆಸರೆ ನಿಂತಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆ ಸಿಂಧನೂರನ್ನ ಭತ್ತದ ನಾಡು ಮಾಡ್ತು. ಆಂಧ್ರದ ಕಡೆಯಿಂದ ಮಂದಿ ಬಂದು ಕ್ಯಾಂಪ್‌ಗಳನ್ನ ಕಟ್ಟಿಕೊಂಡ್ರು. ಅದೇ ಜಿಲ್ಲೆಯಲ್ಲಿ ನೀರು ಮುಟ್ಟದ ಲಿಂಗಸುಗೂರು, ಮಸ್ಕಿ ಹಳ್ಳಿಗಳ ಮಂದಿ ಗುಳೆ ಹೊರಟು ಬೆಂಗಳೂರಿನ ಕಟ್ಟಡ ಕಟ್ಟಿದ್ರು, ಕಟ್ಟಿದ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡಲ್ಲಿ ಮಲಗಿದ್ರು. 2020ರ ಲಾಕ್‌ಡೌನ್‌ನಲ್ಲಿ ಕೆಲಸ ನಿಂತ ಕೂಡ್ಲೇ ಎಷ್ಟೋ ಜನ ಊರ ದಾರಿ ಹಿಡಿದ್ರು. ಹೊಟ್ಟೆಗಾದ್ರೆ ಯಾರಾದ್ರೂ ಅನ್ನ ಹಾಕ್ತಿದ್ರು, ಬಾಡಿಗೆಗೆ ಯಾರು ಕೊಡ್ತಾರೆ?

ಈಗಲೂ ಊರಿಂದ ಬಸ್ಸಿಗೆ ಹಾಕಿ ಅಕ್ಕಿ ಚೀಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸ್ತಾರೆ. ಅಂದ್ರೆ ಬುತ್ತಿ ಊರಿಂದ ಬರ್ತಿದೆ, ಬುತ್ತಿ ಅಂತ ಹೆಸರಿದ್ದ ಸಂಬಳ ಬಾಡಿಗೆಗೆ ಹೋಗ್ತಿದೆ. ನಮ್ಮ ಅವ್ವ ಅಪ್ಪ ನಮಗೆ ಕಳಿಸೋ ಅಕ್ಕಿ ಲೆಕ್ಕದಲ್ಲಿ ಬೆಂಗಳೂರಿನ ಮನೆ ಮಾಲೀಕನಿಗೇ ಮುಟ್ಟುತ್ತೆ.

ಹಾಗಾದ್ರೆ ಏನು ಮಾಡೋಣ

ಎರಡು ವಿಷಯ. ಒಂದು, ಆಫರ್ ಲೆಟರ್ ಬಂದಾಗ ಸಿಟಿಸಿ ನೋಡಿ ಕುಣಿಯಬೇಡ್ರಿ. ಅದರಲ್ಲಿ ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಯಿಟಿ ಎಲ್ಲ ಸೇರಿರುತ್ತೆ. ಕೈಗೆ ಬರೋ ರೊಕ್ಕದಲ್ಲಿ ಬಾಡಿಗೆ ಕಳೆದು, ಉಳಿದದ್ದನ್ನ ಪಗಾರ ಅಂತ ಕರೀರಿ. ಹಾಗೆ ಕಳೆದು ನೋಡಿದ್ರೆ ಕ್ವಾರ್ಟರ್ಸ್ ಕೊಡೋ ಸಣ್ಣ ಊರಿನ ನೌಕರಿ ಬೆಂಗಳೂರಿನ ದೊಡ್ಡ ಅಂಕಿಗಿಂತ ಮುಂದೆ ಇರಬಹುದು.

ಎರಡು, ಸಾಲಲ್ಲ ಅಂತ ನಾಚಿಕೆ ಪಡಬೇಡ್ರಿ. ಕಾಫಿ ಬಿಟ್ರೆ ತಿಂಗಳಿಗೆ ಸಾವಿರ ಉಳಿಯಬಹುದು, ಉಳಿಸ್ರಿ. ಆದ್ರೆ ಹಟ್ಟಿ ಕ್ವಾರ್ಟರ್ಸ್‌ನಲ್ಲಿ, ಜಾಲಹಳ್ಳಿ ಕಾಲೋನಿಯಲ್ಲಿ ಒಂದು ಪಗಾರಕ್ಕೆ ನಾಲ್ಕು ಜನ ಬದುಕಿದ್ದು ಕಾಫಿ ಬಿಟ್ಟಿದ್ದಕ್ಕಲ್ಲ. ಪಗಾರದ ಜೊತೆ ಮನೆ ಇತ್ತು. ವೇತನ ಎಷ್ಟು ಹೆಚ್ಚಾಗಬೇಕು ಅಂತ ಟಿವಿಯಲ್ಲಿ ಚರ್ಚೆ ಆದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಇದೇ: ಬಾಡಿಗೆ ಸಾಲಿನಲ್ಲಿ ಎಷ್ಟು ಬರೆದಿದ್ದೀರಿ?

ನಿಮ್ಮ ಮನೆಯಲ್ಲಿ ಹಟ್ಟಿ, ಎಚ್‌ಎಂಟಿ, ಐಟಿಐಯಲ್ಲಿ ದುಡಿದವರು ಇದ್ರೆ, ಆಗ ಬಾಡಿಗೆ ಎಷ್ಟು ಕಟ್ತಿದ್ರಿ ಅಂತ ಇವತ್ತೇ ಕೇಳ್ರಿ. ಹಳೇ ಪಗಾರದ ಚೀಟಿ ಸಿಕ್ರೆ ಜೋಪಾನವಾಗಿ ಇಡ್ರಿ, ಅದೂ ಒಂದು ಶಾಸನಾನೇ. ಮತ್ತೆ ಸಿಗೋಣ್ರಿ.